ಕಮಿಟ್ ಸಂದೇಶಗಳ ರಚನಾಕ್ರಮ

ಪ್ರಾಚೀನ ಗ್ರಂಥಗಳನ್ನು ಸಂಪಾದಿಸುವವರಿಗೆ ಒಂದು ತೊಡಕು ಸುಪರಿಚಿತವಾದುದು. ಓಲೆಗರಿಯಲ್ಲಿ ಒಂದು ಪದವನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೊಂದನ್ನು ಬರೆದಿರುತ್ತದೆ. ಏನು ಮಾರ್ಪಟ್ಟಿತೆಂಬುದು ಕಣ್ಣಿಗೆ ಕಾಣುತ್ತದೆ. ಏಕೆ ಮಾರ್ಪಟ್ಟಿತೆಂಬುದು ಕಾಣುವುದಿಲ್ಲ. ಲಿಪಿಕಾರನು ಮತ್ತೊಂದು ಮಾತೃಕೆಯನ್ನು ನೋಡಿ ತಿದ್ದಿದನೋ, ಛಂದಸ್ಸು ಕೆಟ್ಟಿತೆಂದು ಊಹಿಸಿ ತಿದ್ದಿದನೋ, ತನಗೆ ಅರ್ಥವಾಗದ ಹಳೆಯ ಶಬ್ದವನ್ನು ಕೈಬಿಟ್ಟನೋ ನಿರ್ಣಯಿಸುವುದು ದುಷ್ಕರ. ಗಣಕಯಂತ್ರದ ತಂತ್ರಾಂಶಗಳನ್ನು ರಚಿಸುವವರಿಗೂ ಇದೇ ತೊಡಕು ಉಂಟು. ಅದಕ್ಕೆ ಅವರು ಕಂಡುಕೊಂಡ ಉಪಾಯಗಳಲ್ಲಿ ಕಮಿಟ್ ಸಂದೇಶವು ಮುಖ್ಯವಾದುದು.

ತಂತ್ರಾಂಶವು ಅನೇಕರು ವರ್ಷಗಟ್ಟಲೆ ತಿದ್ದುತ್ತ ಬರುವ ಬರಹ. ಒಂದೊಂದು ತಿದ್ದುಪಡಿಯನ್ನೂ ದಾಖಲೆಗೆ ಸೇರಿಸುವುದಕ್ಕೆ ಕಮಿಟ್ ಎಂದು ಹೆಸರು. ಲೀನಸ್ ಟೋರ್ವಾಲ್ಡ್ಸ್ ಎಂಬವರು ಲಿನಕ್ಸ್ ಕರ್ನೆಲ್ಲಿನ ಕಾರ್ಯಕ್ಕಾಗಿ ೨೦೦೫ರಲ್ಲಿ ರಚಿಸಿದ ಗಿಟ್ ಎಂಬ ಸಾಧನವು ಇಂದು ಇದಕ್ಕೆ ವಿಶೇಷವಾಗಿ ಬಳಕೆಯಲ್ಲಿದೆ. ಯಾವ ಸಾಲು ಹೋಯಿತು, ಯಾವುದು ಬಂದಿತು, ಯಾರಿಂದ, ಎಂದು ಎಂಬುದನ್ನು ಗಿಟ್ ತಾನೇ ತೋರಿಸುತ್ತದೆ. ಕಾರಣವನ್ನು ಮಾತ್ರ ತಿದ್ದಿದವನೇ ಬರೆಯತಕ್ಕದ್ದು. ‘ತಿದ್ದುಪಡಿ’, ‘ದೋಷಪರಿಹಾರ’ ಎಂದಷ್ಟೇ ಬರೆಯುವುದು ಏನನ್ನೂ ಬರೆಯದಿರುವುದಕ್ಕೆ ಸಮಾನ.

ಸಂದೇಶದ ಸ್ವರೂಪವು ಸೂತ್ರ-ವೃತ್ತಿಗಳ ಸಂಬಂಧವನ್ನು ನೆನಪಿಗೆ ತರುತ್ತದೆ. ಮೊದಲು ಸುಮಾರು ೫೦ ಅಕ್ಷರಗಳ ಒಂದು ಸಾಲು, ಅನಂತರ ಒಂದು ಖಾಲಿ ಸಾಲು, ಆಮೇಲೆ ವಿವರಣೆ. (ಈ ಮಿತಿ ಆಂಗ್ಲಭಾಷೆಗೆ ಹೊಂದಿದುದು, ಕನ್ನಡದಲ್ಲಿ ಬರೆಯುವವರು ಅಕ್ಷರಗಳನ್ನು ಎಣಿಸುತ್ತ ಕೂರಬೇಕಾಗಿಲ್ಲ.) ಮೊದಲ ಸಾಲಿನ ಕ್ರಿಯಾಪದವು ವಿಧ್ಯರ್ಥದಲ್ಲಿರಬೇಕೆಂಬುದು ಗಿಟ್ ಮತ್ತು ಲಿನಕ್ಸ್ ಕರ್ತೃಗಳ ಮತ: ‘ಸರಿಪಡಿಸಿದೆನು’ ಎಂದಲ್ಲ, ‘ಸರಿಪಡಿಸು’ ಎಂದು; ಬರಹಕ್ಕೇ ಆಜ್ಞೆ ಕೊಡುತ್ತಿರುವಂತೆ. ಲಿನಕ್ಸಿನಲ್ಲಿ ಇದರ ಮುಂದೆ ತಿದ್ದುಪಡಿಗೆ ಸಂಬಂಧಿಸಿದ ವಿಭಾಗದ ಹೆಸರೂ ಇರುತ್ತದೆ. ಸಾವಿರಾರು ಸಂದೇಶಗಳ ಮೊದಲ ಸಾಲುಗಳನ್ನು ಮಾತ್ರ ಪಟ್ಟಿಮಾಡಿ ನೋಡುವವನಿಗೆ ಈ ಏಕರೂಪತೆಯ ಬೆಲೆ ತಿಳಿಯುತ್ತದೆ. ಇನ್ನೊಂದು ವಿಷಯವೂ ಗಮನಾರ್ಹ. ಪ್ರತಿಯೊಂದು ಕಮಿಟ್ಟಿನ ಗುರುತುಸಂಖ್ಯೆಯ ಗಣನೆಯಲ್ಲಿ ಸಂದೇಶವೂ ಸೇರಿದೆ. ಅದರ ಒಂದಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಅದನ್ನು ಆಶ್ರಯಿಸಿದ ಮುಂದಿನವುಗಳ ಸಂಖ್ಯೆಗಳೂ ಬದಲಾಗುತ್ತವೆ. ಆದುದರಿಂದ ಒಮ್ಮೆ ಪ್ರಕಟವಾದ ಸಂದೇಶವನ್ನು ಸಾಮಾನ್ಯವಾಗಿ ತಿದ್ದುವುದಿಲ್ಲ.

ಕಾರಣವನ್ನು ಬರೆದಿಡುವುದರ ಪ್ರಯೋಜನವು ಡೆಬಿಯನ್ ಪ್ರಸಂಗದಲ್ಲಿ ವಿಶದವಾಗುತ್ತದೆ. ಡೆಬಿಯನ್ ಎಂಬುದು ಅನೇಕ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಒಂದು ಸಂಘಟನೆ. ಅದು ಹಂಚುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವು ರಹಸ್ಯಸಂವಹನಕ್ಕೆ ಬೇಕಾದ ಕೀಲಿಗಳನ್ನು ನಿರ್ಮಿಸುತ್ತದೆ. ಕೀಲಿಯನ್ನು ಪರರು ಊಹಿಸಲಾಗಬಾರದು. ಆದುದರಿಂದ ಅದು ನಿಯಮಕ್ಕೆ ಸಿಕ್ಕದ ಯಾದೃಚ್ಛಿಕ ಸಂಖ್ಯೆಗಳಿಂದ ಹುಟ್ಟಬೇಕು. ಆ ಸಂಖ್ಯೆಗಳನ್ನು ಒದಗಿಸುವ ಭಾಗದಲ್ಲಿ ಒಂದೇ ರೂಪದ ಸಾಲು ಎರಡು ಸ್ಥಳಗಳಲ್ಲಿತ್ತು. ಒಂದರ ಪಕ್ಕದಲ್ಲಿ, ದೋಷಶೋಧಕ ಸಾಧನವೊಂದು ಇದನ್ನು ಆಕ್ಷೇಪಿಸುತ್ತದೆಂಬ ಟಿಪ್ಪಣಿಯಿತ್ತು. ಇನ್ನೊಂದರ ಪಕ್ಕದಲ್ಲಿ ಏನೂ ಇರಲಿಲ್ಲ. ಮುಖ್ಯವಾದುದು ಈ ಟಿಪ್ಪಣಿಯಿಲ್ಲದ ಸಾಲೇ; ಯಾದೃಚ್ಛಿಕತೆಯ ಸಾಮಗ್ರಿ ಒಳಸೇರುತ್ತಿದ್ದುದು ಅದರ ಮೂಲಕ.

೨೦೦೬ರಲ್ಲಿ ಡೆಬಿಯನ್ನಿನ ಪ್ರತಿಯಲ್ಲಿ ಎರಡು ಸಾಲುಗಳನ್ನೂ ತೆಗೆಯಲಾಯಿತು. ಆರಂಭಿಕ ಬೆಲೆಯಿಲ್ಲದ ದತ್ತವನ್ನು ಇನ್ನು ಸೇರಿಸಬಾರದೆಂದೂ, ಇದರಿಂದ ವ್ಯಾಲ್‌ಗ್ರೈಂಡ್ ಎಂಬ ಶೋಧಕದ ಆಕ್ಷೇಪಗಳು ನಿಲ್ಲುವುವೆಂದೂ ದಾಖಲೆಯ ಟಿಪ್ಪಣಿ ಹೇಳಿತು. ತಿದ್ದಿದವರು ಕಾರಣವನ್ನು ಮರೆಮಾಚಲಿಲ್ಲ. ಆದರೆ ಮಾತು ಹೇಳಿದುದು ಒಂದು, ಕೃತಿ ಮಾಡಿದುದು ಇನ್ನೊಂದು: ಟಿಪ್ಪಣಿಯು ಒಂದು ಬಗೆಯ ದತ್ತವನ್ನು ಮಾತ್ರ ನಿಷೇಧಿಸಿದರೆ, ತಿದ್ದುಪಡಿಯು ಸಮಸ್ತ ದತ್ತವನ್ನೂ ತಡೆಯಿತು. ಈ ವೈಷಮ್ಯವನ್ನು ಇಂದು ಎತ್ತಿ ತೋರಿಸುವುದು ಸಾಧ್ಯವಾಗಿರುವುದು ಕಾರಣವು ಲಿಖಿತವಾಗಿ ಉಳಿದಿರುವುದರಿಂದಲೇ. ಕೇವಲ ‘ಎರಡು ಸಾಲು ತೆಗೆಯಲಾಗಿದೆ’ ಎಂದಿದ್ದಲ್ಲಿ, ಕೃತಿಯನ್ನು ಒರೆಗೆ ಹಚ್ಚಿ ನೋಡಲು ಕಲ್ಲೇ ಇರುತ್ತಿರಲಿಲ್ಲ. ತೆಗೆಯಲ್ಪಟ್ಟ ಮೂಲದ ಸಾಲಿಗಂತೂ ಆ ಭಾಗ್ಯವಿರಲಿಲ್ಲ. ಅದು ಏಕೆ ಅಲ್ಲಿದೆಯೆಂದು ಹೇಳುವ ಮಾತು ಅದರ ಬಳಿ ಇರಲಿಲ್ಲ.

ಯಾದೃಚ್ಛಿಕತೆಗೆ ಉಳಿದ ಆಧಾರವೆಂದರೆ, ನಡೆಯುತ್ತಿರುವ ಕಾರ್ಯಕ್ಕೆ ಯಂತ್ರವು ಕೊಡುವ ಕ್ರಮಸಂಖ್ಯೆಯೊಂದೇ. ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿಗೆ ಸಾಮಾನ್ಯವಾಗಿ ೩೨,೭೬೮ಕ್ಕಿಂತ ಹೆಚ್ಚು ಭೇದಗಳು ಸಂಭವಿಸುತ್ತಿರಲಿಲ್ಲ. ಅಷ್ಟನ್ನೂ ಮುಂಚಿತವಾಗಿ ಗಣಿಸಿ ಇಟ್ಟುಕೊಳ್ಳುವುದು ಸುಲಭ. ೨೦೦೮ರ ಮೇ ತಿಂಗಳಿನಲ್ಲಿ ಈ ದೋಷವು ಬಹಿರಂಗವಾದಾಗ, ನಡುವಿನ ಕಾಲದಲ್ಲಿ ಆ ಪ್ರತಿಯಿಂದ ನಿರ್ಮಿತವಾಗಿದ್ದ ಕೀಲಿಗಳನ್ನು ತ್ಯಜಿಸಿ ಹೊಸವನ್ನು ಮಾಡಿಕೊಳ್ಳಬೇಕಾಯಿತು.