ಬಂಡೆಯ ಮೇಲೆ ಊರು, ಒಳಗೆ ಉಗ್ರಾಣ

ರೋಮ್‌ನಿಂದ ಉತ್ತರಕ್ಕೆ ಹೋಗುವ ರೈಲು ಹತ್ತಿದರೆ ಒಂದು, ಒಂದೂವರೆ ಗಂಟೆಯಲ್ಲಿ ಕಡಿದಾದ ಕಂದು ಬಂಡೆಯೊಂದು ಎದುರಾಗುತ್ತದೆ. ಅದರ ನೆತ್ತಿಯ ಮೇಲಿರುವ ಊರೇ ಇಟಲಿಯ ಉಂಬ್ರಿಯಾ ಪ್ರಾಂತ್ಯದ ಒರ್ವಿಯೆಟೊ. ರೈಲು ನಿಲ್ದಾಣದ ಎದುರಿನಿಂದಲೇ ಊರಿಗೆ ಫ್ಯೂನಿಕ್ಯುಲರ್, ಅಂದರೆ ಹಗ್ಗದಿಂದ ಎಳೆಯುವ ಇಳಿಜಾರು ರೈಲು, ಇದೆ. 1888ರಲ್ಲಿ ಶುರುವಾದಾಗ ಅದು ನೀರಿನ ಭಾರದಿಂದ ಓಡುತ್ತಿತ್ತು. ಈಗ ವಿದ್ಯುತ್ತಿನಿಂದ ಓಡುತ್ತದೆ.

ಈ ಊರನ್ನು ಅರಿಯಬೇಕಾದರೆ ಮೊದಲು ಕೆಳಗಿಳಿಯಬೇಕು. ಬಂಡೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಗುದ್ದಲಿಗೆ ಸುಲಭವಾಗಿ ಬಿಡುವಷ್ಟು ಮೆದು, ಕೊರೆದ ಮೇಲೂ ನಿಲ್ಲುವಷ್ಟು ಗಟ್ಟಿ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ರೋಮನ್ನರಿಗೂ ಮುಂಚೆ ಇಲ್ಲಿ ನೆಲೆಸಿದ್ದ ಎಟ್ರಸ್ಕನ್ ಜನರು ಬಾವಿ ತೋಡಿದ್ದರು. ನಂತರದವರು ಆಲಿವ್ ಎಣ್ಣೆಯ ಗಾಣ, ವೈನ್ ಇಡುವ ನೆಲಮಾಳಿಗೆ, ಪಾರಿವಾಳದ ಗೂಡುಗಳನ್ನು ಕೊರೆದರು. ಇಂಥ ಗುಹೆಗಳು 1,200ಕ್ಕೂ ಹೆಚ್ಚಿವೆ. ಗೋಡೆ ತುಂಬ ಸಾಲುಸಾಲು ಚೌಕ ಗೂಡುಗಳು, ಕಣಿವೆಯ ಕಡೆಗೊಂದು ಕಿಟಕಿ: ಪಾರಿವಾಳಗಳು ಹೊರಗೆ ಹಾರಿ ತಾವೇ ಮೇವು ಹುಡುಕಿಕೊಂಡು ಮರಳುತ್ತಿದ್ದವು. ಮನೆಯವರಿಗೆ ಖರ್ಚಿಲ್ಲದೆ ಮಾಂಸ ಸಿಗುತ್ತಿತ್ತು. ಪಾರಿವಾಳದ ಅಡುಗೆ ಇಂದಿಗೂ ಇಲ್ಲಿನ ವಿಶೇಷ ಖಾದ್ಯ.

ನೀರಿನ ಕಥೆ ಇನ್ನೂ ದೊಡ್ಡದು. 1527ರಲ್ಲಿ ಶತ್ರುಸೈನ್ಯ ರೋಮ್ ನಗರವನ್ನು ಸೂರೆ ಮಾಡಿದಾಗ ಪೋಪ್ ಏಳನೇ ಕ್ಲೆಮೆಂಟ್ ಒರ್ವಿಯೆಟೊಗೆ ಬಂದು ಆಶ್ರಯ ಪಡೆದರು. ಊರಿಗೆ ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂಬ ಚಿಂತೆಯಿಂದ ಆಂಟೋನಿಯೊ ದ ಸಂಗಾಲ್ಲೊ ಎಂಬ ವಾಸ್ತುಶಿಲ್ಪಿಗೆ ಬಾವಿ ತೋಡಿಸುವ ಕೆಲಸ ವಹಿಸಿದರು. ಅದು ಮುಗಿದದ್ದು 1537ರಲ್ಲಿ. ಐವತ್ತು ಮೀಟರಿಗೂ ಮಿಕ್ಕ ಆಳ; ಸುತ್ತಲೂ ಒಂದನ್ನೊಂದು ಸಂಧಿಸದ ಎರಡು ಸುರುಳಿ ದಾರಿ, ಒಂದೊಂದಕ್ಕೂ 248 ಅಗಲವಾದ ಮೆಟ್ಟಿಲು. ನೀರು ಹೊರುವ ಹೇಸರಗತ್ತೆಗಳು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರುತ್ತಿದ್ದವು; ಎದುರುಬದುರಾಗುವ ಪ್ರಶ್ನೆಯೇ ಇಲ್ಲ. ಸೇಂಟ್ ಪ್ಯಾಟ್ರಿಕ್ ಬಾವಿ ಎಂದು ಹೆಸರಾದ ಇದಕ್ಕೆ ಇಂದು ಯಾರು ಬೇಕಾದರೂ ಇಳಿಯಬಹುದು.

ಮೇಲೆ ಬಂದರೆ, 1290ರಲ್ಲಿ ಅಡಿಗಲ್ಲು ಬಿದ್ದ ಕೆಥೆಡ್ರಲ್ ಕಾದಿರುತ್ತದೆ. ಗೋಡೆಗಳಿಗೆ ಕಪ್ಪು ಬಿಳುಪಿನ ಪಟ್ಟೆ, ಮುಂಭಾಗಕ್ಕೆ ಚಿನ್ನದ ಬಣ್ಣದ ಮೊಸಾಯಿಕ್. ಒಳಗಿನ ಒಂದು ಚಾಪೆಲ್‌ನಲ್ಲಿ ಲೂಕಾ ಸಿನ್ಯೊರೆಲ್ಲಿ 1499ರಿಂದ 1504ರವರೆಗೆ ಬರೆದ ಲೋಕಾಂತ್ಯದ ಭಿತ್ತಿಚಿತ್ರಗಳಿವೆ. ಸತ್ತವರು ನೆಲ ಸೀಳಿ ಮೇಲೇಳುವ ದೃಶ್ಯವನ್ನು ನಿಧಾನವಾಗಿ ನೋಡಬೇಕು.

ಊಟಕ್ಕೆ ಉಂಬ್ರಿಕೆಲ್ಲಿ ಕೇಳಿ. ಮೊಟ್ಟೆ ಹಾಕದೆ, ಹಿಟ್ಟು ನೀರು ಕಲಸಿ ಕೈಯಲ್ಲೇ ಹೊಸೆದ, ದಪ್ಪ ಶಾವಿಗೆಯಂಥ ಪಾಸ್ತಾ ಇದು. ಟೊಮೆಟೊ, ಬೆಳ್ಳುಳ್ಳಿ, ಮೆಣಸಿನಕಾಯಿಯ ಸಾರಿನೊಂದಿಗೆ ಸಸ್ಯಾಹಾರಿಗಳೂ ಸವಿಯಬಹುದು. ಕರಿ ಟ್ರಫಲ್ ಅಣಬೆ ತುರಿದು ಹಾಕಿದ್ದು ಇನ್ನೂ ಘಮಘಮ. ಜೊತೆಗೆ ಬರುವ ಬ್ರೆಡ್ಡಿಗೆ ಉಪ್ಪು ಹಾಕಿರುವುದಿಲ್ಲ. ಈ ಸೀಮೆಯ ಪದ್ಧತಿಯೇ ಹಾಗೆ. ಸುತ್ತಲಿನ ತೋಟಗಳ ಬಿಳಿ ವೈನ್‌ಗೂ ಊರಿನದೇ ಹೆಸರು. ಮಧ್ಯಾಹ್ನದ ಊಟ ಸಾಮಾನ್ಯವಾಗಿ ಎರಡೂವರೆಯ ಹೊತ್ತಿಗೆ ಮುಗಿದು, ಅಡುಗೆಮನೆ ಮತ್ತೆ ತೆರೆಯುವುದು ಸಂಜೆ ಏಳರ ಮೇಲೆಯೇ.

ಅವಸರ ಬಿಟ್ಟು ಬದುಕುವ ಸಣ್ಣ ಪಟ್ಟಣಗಳ ಒಕ್ಕೂಟ ಚಿಟ್ಟಾಸ್ಲೊ 1999ರಲ್ಲಿ ಹುಟ್ಟಿದಾಗ ಒರ್ವಿಯೆಟೊ ಅದರ ಸ್ಥಾಪಕ ಊರುಗಳಲ್ಲಿ ಒಂದಾಗಿತ್ತು. ಒಕ್ಕೂಟದ ಕಚೇರಿ ಇಂದಿಗೂ ಇಲ್ಲೇ ಇದೆ. ಆದರೂ ಬರುವವರಲ್ಲಿ ಅನೇಕರು ರೋಮ್‌ನಿಂದ ಬೆಳಿಗ್ಗೆ ಬಂದು ಸಂಜೆಯೇ ಮರಳುತ್ತಾರೆ. ನೀವು ಹಾಗೆ ಮಾಡಬೇಡಿ. ಒಂದು ಹಗಲು ಗುಹೆ, ಬಾವಿಗಳಿಗಿರಲಿ, ಇನ್ನೊಂದು ಕೆಥೆಡ್ರಲ್‌ಗೆ. ನಡುವಿನ ರಾತ್ರಿ ಊಟಕ್ಕೆ ಕೂತು ಎದ್ದು ಬರಲು ಅವಸರ ಪಡಬೇಡಿ.