ನಕಲಿಗೆ ಬರೆದದ್ದು ಮೂಲಕ್ಕೆ ಇಳಿದಾಗ

ಗಣಕಯಂತ್ರದ ಸ್ಮೃತಿಯನ್ನು ಹಂಚುವ, ಕಡತಗಳನ್ನು ಕಾಯುವ, ಯಾರಿಗೆ ಎಷ್ಟು ಅಧಿಕಾರವೆಂದು ನಿರ್ಣಯಿಸುವ ಒಳಾಡಳಿತಕ್ಕೆ ಕರ್ನಲ್ ಎಂದು ಹೆಸರು. ಲಿನಕ್ಸ್ ಎಂಬ ಪ್ರಸಿದ್ಧ ಕರ್ನಲ್ಲಿನಲ್ಲಿ 2007ರಿಂದ ಅಡಗಿ ಕುಳಿತಿದ್ದ ದೋಷವೊಂದು 2016ರ ಅಕ್ಟೋಬರಿನಲ್ಲಿ ಬಯಲಾಯಿತು. ಅದನ್ನು ‘ಡರ್ಟಿ ಕೌ’ ಎಂದು ಕರೆದರು. ಈ ‘ಕೌ’ ಹಾಲು ಕರೆಯುವ ಹಸುವಲ್ಲ. ‘ಕಾಪಿ ಆನ್ ರೈಟ್’ ಎಂಬುದರ ಮೊದಲಕ್ಷರಗಳ ಕೂಟ.

ಒಂದೇ ಕಡತವನ್ನು ಹತ್ತು ಮಂದಿ ಓದುವಾಗ ಹತ್ತು ಪ್ರತಿಗಳೇಕೆ? ಎಲ್ಲರಿಗೂ ಮೂಲವನ್ನೇ ತೋರಿಸಿ, ಬರೆಯಹೊರಟವನಿಗೆ ಮಾತ್ರ ನಕಲೊಂದನ್ನು ಕೊಟ್ಟರಾಯಿತು. ಇದು ಜಾಣ ಗೃಹಿಣಿಯ ಮಿತವ್ಯಯ, ತಪ್ಪು ಇಲ್ಲಿಲ್ಲ.

ಕಛೇರಿಯೊಂದನ್ನು ಕಲ್ಪಿಸಿಕೊಳ್ಳೋಣ. ಬರೆಯಬೇಕೆಂದು ಬಂದವನಿಗಾಗಿ ಗುಮಾಸ್ತನು ನಕಲನ್ನು ಸಿದ್ಧಪಡಿಸಿ ಮೇಜಿನ ಮೇಲಿಡುತ್ತಾನೆ. ಇನ್ನು ಬರೆಯುವ ಅನುಮತಿಯನ್ನು ವಿಚಾರಿಸಬೇಕಾಗಿಲ್ಲ, ಇರುವುದು ನಕಲು ತಾನೆ ಎಂದು ನಿಶ್ಚಯಿಸಿ ಲೇಖನಿಗಾಗಿ ಅತ್ತ ತಿರುಗುತ್ತಾನೆ. ಅಷ್ಟರಲ್ಲಿ ಬಂದವನ ಜೊತೆಗಾರನು ಆ ನಕಲನ್ನು ಕಸದ ಬುಟ್ಟಿಗೆ ಎಸೆಯುತ್ತಾನೆ. ಬರಿದಾದ ಮೇಜಿಗೆ, ಓದುವುದಕ್ಕೆಂದು, ಮೂಲ ಕಡತವೇ ಬಂದು ಕೂರುತ್ತದೆ. ಗುಮಾಸ್ತನು ಮರಳಿ ಬಂದು, ಮತ್ತೆ ನೋಡದೆ, ಅದರಲ್ಲೇ ಬರೆದುಬಿಡುತ್ತಾನೆ!

ಎರಡು ಕೆಲಸಗಳಲ್ಲಿ ಯಾವುದು ಮುಂದು, ಯಾವುದು ಹಿಂದು ಎಂಬುದರ ಮೇಲೆ ಫಲ ನಿಲ್ಲುವ ಈ ಸ್ಥಿತಿಯೇ ‘ರೇಸ್ ಕಂಡಿಷನ್’. ಆ ಎಡೆ ಕಣ್ಣೆವೆ ಮುಚ್ಚುವಷ್ಟೂ ಹೊತ್ತಿನದಲ್ಲ, ನಿಜ. ಆದರೆ ಯಂತ್ರಕ್ಕೆ ಬೇಸರವೆಂಬುದುಂಟೆ? ಲಕ್ಷ ಸಲ ಸೋತು ಒಮ್ಮೆ ಗೆದ್ದರೂ ಸಾಕು. ಓದುವ ಹಕ್ಕು ಮಾತ್ರವಿದ್ದ ಸಾಮಾನ್ಯ ಬಳಕೆದಾರನು ವ್ಯವಸ್ಥೆಯ ಕಡತವನ್ನೇ ತಿದ್ದಿ ಇಡೀ ಯಂತ್ರಕ್ಕೆ ಒಡೆಯನಾಗಬಹುದಾಗಿತ್ತು. ಆಂಡ್ರಾಯ್ಡ್ ದೂರವಾಣಿಗಳ ಬುಡದಲ್ಲಿರುವುದೂ ಲಿನಕ್ಸೇ ಆದುದರಿಂದ ಅವಕ್ಕೂ ಈ ಅಪಾಯ ತಟ್ಟಿತು.

ಇದನ್ನು ಪತ್ತೆಮಾಡಿದ ಫಿಲ್ ಓಸ್ಟರ್ ಅವರಿಗೆ ಸುಳಿವು ದೊರೆತದ್ದು, ತಮ್ಮ ಯಂತ್ರಕ್ಕೆ ಜಾಲದಿಂದ ಬರುತ್ತಿದ್ದ ಸಂಚಾರವನ್ನೆಲ್ಲ ಹಿಡಿದಿಟ್ಟು ನೋಡಿದಾಗ. ಎಂದರೆ, ಪಂಡಿತರಿಗಿಂತ ಮೊದಲೇ ಕಳ್ಳರಿಗೆ ದಾರಿ ತಿಳಿದಿತ್ತು. ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ ಅವರು 2005ರಲ್ಲೇ ಇದನ್ನು ಸರಿಪಡಿಸಲು ಯತ್ನಿಸಿದ್ದರು, ಐ.ಬಿ.ಎಂ.ನ ದೊಡ್ಡ ಯಂತ್ರಗಳಲ್ಲಿ ತೊಡಕುಂಟಾಗಿ ಆ ತಿದ್ದುಪಡಿಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಆಗ ಅದು ಬರಿಯ ಊಹೆಯ ಅಪಾಯವೆನಿಸಿತ್ತು.

2016ರ ಪರಿಹಾರ ಚಿಕ್ಕದು. ಗುಮಾಸ್ತನು ಅನುಮತಿಯ ಪ್ರಶ್ನೆಯನ್ನು ಅಳಿಸಿಹಾಕದೆ, ನಕಲು ಕೊಟ್ಟಾಗಿದೆ ಎಂದು ಬೇರೆಯಾಗಿ ಗುರುತಿಟ್ಟುಕೊಂಡು, ಬರೆಯುವ ಮುನ್ನ ಮೇಜಿನ ಮೇಲಿರುವುದು ನಕಲೇ ಹೌದೋ ಎಂದು ನೋಡಬೇಕು, ಅಷ್ಟೆ. ಮರುವರ್ಷದ ನವೆಂಬರಿನಲ್ಲಿ, ಸ್ಮೃತಿಯ ‘ದೊಡ್ಡ ಪುಟ’ಗಳ ವಿಷಯದಲ್ಲಿ ಈ ತಿದ್ದುಪಡಿಯೂ ಅರೆಯಾದುದೆಂದು ತಿಳಿದು, ಮತ್ತೊಮ್ಮೆ ತಿದ್ದಿದರು.