ಅಂಗಡಿಗೆ ಗಾಳಿಯೂ ಬೇಕು

ಕೊರೋನಾ ಸೋಂಕಿನಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಲ್ಲಿ. ಅದೇ ತಿಂಗಳ 25ರಿಂದ ದೇಶವೇ ಸ್ತಬ್ಧವಾದರೂ ಕಿರಾಣಿ ಅಂಗಡಿ, ಔಷಧದಂಗಡಿಗಳು ತೆರೆದೇ ಇದ್ದವು. ಅವುಗಳ ಮುಂದೆ ಸುಣ್ಣದ ವೃತ್ತಗಳು ಮೂಡಿದವು. ನೋಟು ಮುಟ್ಟಲೂ ಜನ ಅಂಜಿದರು.

ಆದರೆ ಆ ಸೋಂಕು ಹರಡುವುದು ಮುಖ್ಯವಾಗಿ ಉಸಿರು, ಮಾತು, ಕೆಮ್ಮುಗಳಿಂದ ಹೊರಬೀಳುವ ಸೂಕ್ಷ್ಮ ಕಣಗಳ ಮೂಲಕ. ಮುಟ್ಟಿದ ವಸ್ತುಗಳಿಂದ ತಗಲುವ ಸಂಭವ ಕಡಿಮೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2021ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಈ ದೃಷ್ಟಿಯಿಂದ ನೋಡಿದರೆ, ಗಾಜಿನ ಬಾಗಿಲು ಮುಚ್ಚಿಕೊಂಡು ತಂಪು ಯಂತ್ರ ನಡೆಸುವ ಮಳಿಗೆಗಿಂತ ಬೀದಿಗೆ ತೆರೆದುಕೊಂಡ ಹಳೆಯ ಹಲಗೆ ಬಾಗಿಲಿನ ಅಂಗಡಿಯೇ ಲೇಸು. ಗಲ್ಲಾಪೆಟ್ಟಿಗೆಯ ಮುಂದೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಕಿಟಕಿ ಮುಚ್ಚಿದರೆ ಪ್ರಯೋಜನವೇನು?

ಹಾಗೆಂದು ಕೈ ತೊಳೆಯುವುದನ್ನು ಬಿಡಲಾಗದು. ಸಾಬೂನಿನಿಂದ 20 ಸೆಕೆಂಡು ತೊಳೆದರೆ ಸಾಕು. ವಾಂತಿಭೇದಿಯಂತಹ ಬೇನೆಗಳೂ ದೂರವಾಗುತ್ತವೆ. ಬೆರಳಿಗೆ ಎಂಜಲು ಹಚ್ಚಿ ನೋಟು ಎಣಿಸುವುದು, ಬಾಯಿಂದ ಊದಿ ಚೀಲ ಬಿಡಿಸುವುದು ಎಂದಿಗೂ ಸಲ್ಲದು.

ವರ್ತಕ ಬಂಧುಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ದಿನಗೂಲಿ ತಪ್ಪೀತೆಂಬ ಭಯದಿಂದ ಕೆಲಸದ ಹುಡುಗ ಜ್ವರವನ್ನು ಮುಚ್ಚಿಟ್ಟು ತಕ್ಕಡಿ ಹಿಡಿಯುತ್ತಾನೆ. ಅವನಿಗೆ ಕೂಲಿಸಹಿತ ನಾಲ್ಕಾರು ದಿನ ರಜೆ ಕೊಡಲು ನಮ್ಮಲ್ಲಿ ಎಷ್ಟು ಅಂಗಡಿಗಳು ಸಿದ್ಧವಾಗಿವೆ?